ವಲಸಿಗರಿಗೆ ಹೆದರಿದ ಕಥೆಗಾರ, ಪುಣೆಯ ಜೋಶಿ

ಪುಣೆಯಲ್ಲಿ ಜೋಶಿಗಳಿಗೇನು ಬರ? ಸದಾಶಿವ ಪೇಟೆಯಲ್ಲಿ ನಿಂತು "ಓ ಜೋಶೀ..." ಎಂದು ಕೂಗಿದರೆ ನಾಲ್ಕು ಗ್ಯಾಲರಿಗಳಿಂದ ನಾಲ್ಕು ತಲೆ ಹೊರಗೆ ಬರುತ್ತವೆ. ಹಾಗಾಗಿ ಇದೇ ಊರಲ್ಲಿ 1958ರಲ್ಲಿ ಹುಟ್ಟಿದ ಸುನಂದ್ ತ್ರ್ಯಂಬಕ್ ಜೋಶಿ ಎನ್ನುವವರ ಹೆಸರು ಇಲ್ಲಿ ಮೂರು ದಶಕ ಕಳೆದ ನಮ್ಮಂಥವರ ಕಿವಿಗೂ ಬಿದ್ದಿರಲಿಕ್ಕಿಲ್ಲ. ಐದು ವರ್ಷದ ಹುಡುಗನಾಗಿದ್ದಾಗ, 1963ರಲ್ಲಿ, ಅವರು ಅಮೆರಿಕಕ್ಕೆ ಹೋದರು. ಇಂಗ್ಲಿಷಿನ ಭಯಾನಕ ಕಥೆಗಳ ಲೋಕದಲ್ಲಿ ಎಸ್. ಟಿ. ಜೋಶಿ ಅಂದರೆ ಇವತ್ತು ಬಹಳ ದೊಡ್ಡ ಹೆಸರು. ಕಥೆ ಬರೆದದ್ದಕ್ಕಿಂತ ಹೆಚ್ಚಾಗಿ, ಸತ್ತು ಹೋದ ಒಬ್ಬ ಕಥೆಗಾರನ ಬರಹಗಳನ್ನು ಒಂದೊಂದು ಅಲ್ಪವಿರಾಮವನ್ನೂ ಬಿಡದೆ ತಿದ್ದಿ ಸರಿಪಡಿಸಿದ್ದಕ್ಕೆ ಬಂದ ಹೆಸರು ಅದು.

ಆ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್. ಹಾಲಿವುಡ್ಡಿನ ಸಿನಿಮಾ ನೋಡುವವರು, ಕಂಪ್ಯೂಟರ್ ಗೇಮ್ ಆಡುವ ಮಕ್ಕಳಿರುವವರು 'ಕ್ತುಲ್ಹು' ಎಂಬ ವಿಚಿತ್ರ ಹೆಸರನ್ನು ಕೇಳಿರಬಹುದು. ಆಕ್ಟೋಪಸ್ಸಿನ ತಲೆ, ಡ್ರ್ಯಾಗನ್ನಿನ ಮೈ, ಸಮುದ್ರದ ಆಳದಲ್ಲಿ ಮುಳುಗಿದ ಊರಲ್ಲಿ ಮಲಗಿರುವ ದೇವರು. ಅದನ್ನು ಕಲ್ಪಿಸಿದವನು ಇವನೇ. ಈ ಮನುಷ್ಯನಿಗೆ ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಭಯವಿದ್ದದ್ದು ದೆವ್ವದ ಮೇಲಲ್ಲ, ತನ್ನ ದೇಶಕ್ಕೆ ಹೊರಗಿನಿಂದ ಹೊಟ್ಟೆಪಾಡಿಗೆ ಬಂದ ಜನರ ಮೇಲೆ. ಅಂಥವನ ಮಾತುಗಳನ್ನು ಉಳಿಸಿ ಲೋಕಕ್ಕೆ ಕೊಟ್ಟವರು ಪುಣೆಯಿಂದ ವಲಸೆ ಹೋದ ಹುಡುಗ! ವಿಚಿತ್ರ ಅನ್ನಿಸುವುದಿಲ್ಲವೆ? ಪರಊರಿನಲ್ಲಿ ಬೇರು ಬಿಟ್ಟ ನಮ್ಮಂಥವರಿಗಂತೂ ಅನ್ನಿಸಲೇಬೇಕು. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ, ಚಹಾ ಹಿಡಿದುಕೊಂಡೇ ಕೂತುಕೊಳ್ಳಿ.

ಹೋವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್ ಹುಟ್ಟಿದ್ದು 1890ರ ಆಗಸ್ಟ್ 20ರಂದು, ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದ ಪ್ರಾವಿಡೆನ್ಸ್ ಎಂಬ ಹಳೆಯ ಊರಲ್ಲಿ. ಮೂರು ವರ್ಷ ತುಂಬುವ ಮುಂಚೆಯೇ ಅಪ್ಪನಿಗೆ ಬುದ್ಧಿ ಕೆಟ್ಟಿತು. 1893ರಲ್ಲಿ ಬಟ್ಲರ್ ಆಸ್ಪತ್ರೆಗೆ ಸೇರಿಸಿದರು, 1898ರಲ್ಲಿ ಅಲ್ಲೇ ತೀರಿಕೊಂಡ. ಸಿಫಿಲಿಸ್ಸಿನ ಕೊನೆಯ ಹಂತ ಅದಾಗಿತ್ತು ಎಂಬುದು ಬಹುತೇಕ ಜೀವನಚರಿತ್ರೆಕಾರರ ಅಭಿಪ್ರಾಯ. ಹುಡುಗ ಬೆಳೆದದ್ದು ತಾಯಿಯ ತಂದೆ ವಿಪಲ್ ಫಿಲಿಪ್ಸ್ ಮನೆಯಲ್ಲಿ. ದೊಡ್ಡ ಮನೆ, ಅಟ್ಟದ ಮೇಲೆ ಹಳೆಯ ಪುಸ್ತಕಗಳು, ರಾತ್ರಿ ಹೊತ್ತು ಭಯದ ಕಥೆ ಕಟ್ಟಿ ಹೇಳುವ ಅಜ್ಜ. ಇಂಥ ಅಜ್ಜಂದಿರು ನಮ್ಮಲ್ಲೂ ಇದ್ದರಲ್ಲ!

ಅಜ್ಜನದು ದೂರದ ಇಡಾಹೊ ರಾಜ್ಯದಲ್ಲಿ ನೀರಾವರಿ ವ್ಯವಹಾರ. ಕಟ್ಟಿಸಿದ ಅಣೆಕಟ್ಟು ಕೊಚ್ಚಿಹೋಗಿ ಕೈ ಸುಟ್ಟಿತು, 1904ರಲ್ಲಿ ಅಜ್ಜನೂ ಹೋದ. ಏಂಜೆಲ್ ರಸ್ತೆಯ 454ನೇ ನಂಬರಿನ ಆ ಮನೆ ಕೈಬಿಟ್ಟಿತು. ತಾಯಿ ಮಗ ಅದೇ ರಸ್ತೆಯ 598ರಲ್ಲಿ ಚಿಕ್ಕ ಮನೆಗೆ ಬಂದರು. ಹುಡುಗನಿಗೆ 14 ವರ್ಷ. ಆ ದೊಡ್ಡ ಮನೆಯನ್ನು ಆತ ಕೊನೆಯವರೆಗೂ ಮರೆಯಲಿಲ್ಲ. ಹಳೆಯ ವಂಶ, ಹಳೆಯ ಮನೆ, ಕೈಯಲ್ಲಿ ಮಾತ್ರ ಕಾಸಿಲ್ಲ. ಇಂಥ ಮನೆತನಗಳನ್ನು ನಾವು ಘಟ್ಟದ ಮೇಲೂ ಕೆಳಗೂ ನೋಡಿದ್ದೇವೆ. ಕಾಸು ಹೋದಷ್ಟೂ ವಂಶದ ಮಾತು ಜಾಸ್ತಿ ಆಗುತ್ತದೆ.

1908ರಲ್ಲಿ ನರಗಳ ಕಾಯಿಲೆ ಎಂದು ಹೈಸ್ಕೂಲು ಬಿಟ್ಟ. ಊರಿನ ಬ್ರೌನ್ ವಿಶ್ವವಿದ್ಯಾಲಯಕ್ಕೆ ಹೋಗುವ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ಐದಾರು ವರ್ಷ ಮನೆಯೊಳಗೇ ಇದ್ದ ಅನ್ನಬೇಕು. ಅವನನ್ನು ಹೊರಗೆಳೆದದ್ದು 'ಹವ್ಯಾಸಿ ಪತ್ರಿಕೋದ್ಯಮ' ಎಂಬ ಒಂದು ಗುಂಪು. ದೇಶದ ತುಂಬ ಇದ್ದ ಒಂದಷ್ಟು ಜನ ತಮ್ಮ ಕೈಯಿಂದಲೇ ದುಡ್ಡು ಹಾಕಿ ಪುಟ್ಟ ಪುಟ್ಟ ಪತ್ರಿಕೆ ಅಚ್ಚು ಮಾಡಿ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ನಮ್ಮ ಈ ಬ್ಲಾಗುಗಳ ಮುತ್ತಜ್ಜಿ ಅಂದುಕೊಳ್ಳಿ. ಕಾಮೆಂಟುಗಳ ಜಗಳವೂ ಹಾಗೇ ಇತ್ತು. 1914ರಲ್ಲಿ ಸೇರಿದ ಲವ್‌ಕ್ರಾಫ್ಟ್, ಮರುವರ್ಷವೇ ತನ್ನ ಪತ್ರಿಕೆಯಲ್ಲಿ ಕರಿಯರ ಮತ್ತು ಯಹೂದಿಗಳ ವಿಷಯದಲ್ಲಿ ಕೆಟ್ಟದಾಗಿ ಬರೆದ. ಜೇಮ್ಸ್ ಮಾರ್ಟನ್ ಎಂಬ ಇನ್ನೊಬ್ಬ ಸದಸ್ಯ ಅದಕ್ಕೆ ಖಾರವಾಗಿ ಉತ್ತರ ಕೊಟ್ಟರು. ಈ ಮಾರ್ಟನ್ 1906ರಷ್ಟು ಹಿಂದೆಯೇ ಜನಾಂಗ ದ್ವೇಷದ ವಿರುದ್ಧ ಒಂದು ಪುಸ್ತಿಕೆ ಬರೆದವರು. ಮುಂದೆ ಇಬ್ಬರೂ ಸ್ನೇಹಿತರಾದರು, ಅದು ಬೇರೆ. ಇದನ್ನು ಯಾಕೆ ಹೇಳಿದೆ ಎಂದರೆ, ಲವ್‌ಕ್ರಾಫ್ಟ್ ಪರವಾಗಿ ಮಾತಾಡುವವರು "ಆ ಕಾಲವೇ ಹಾಗಿತ್ತು ಬಿಡಿ" ಎನ್ನುತ್ತಾರೆ. ಕಾಲ ಹಾಗಿತ್ತು, ನಿಜ. ಹಾಗೆ ಯೋಚಿಸದವರೂ ಅದೇ ಕಾಲದಲ್ಲಿ, ಅವನ ಪತ್ರಿಕೆಗಳನ್ನೇ ಓದುತ್ತ ಇದ್ದರು.

1919ರಲ್ಲಿ ತಾಯಿಯನ್ನೂ ಅದೇ ಬಟ್ಲರ್ ಆಸ್ಪತ್ರೆಗೆ ಸೇರಿಸಬೇಕಾಯಿತು. 1921ರಲ್ಲಿ ಆಕೆ ತೀರಿಕೊಂಡಳು. ಆರೇ ವಾರ ಕಳೆದಿತ್ತು, ಬಾಸ್ಟನ್ನಿನಲ್ಲಿ ನಡೆದ ಹವ್ಯಾಸಿ ಪತ್ರಕರ್ತರ ಸಮ್ಮೇಳನದಲ್ಲಿ ಆತ ಸೋನಿಯಾ ಗ್ರೀನ್ ಎಂಬಾಕೆಯನ್ನು ಭೇಟಿಯಾದ.

ಈ ಸೋನಿಯಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಲವ್‌ಕ್ರಾಫ್ಟ್ ಅಭಿಮಾನಿಗಳು ಆಕೆಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ನನಗದು ಸರಿ ಕಾಣುವುದಿಲ್ಲ. ಆಕೆ 1883ರಲ್ಲಿ ಇಂದಿನ ಉಕ್ರೇನಿನ ಇಚ್ನ್ಯಾ ಎಂಬಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದವಳು. ಚಿಕ್ಕ ವಯಸ್ಸಿಗೇ ಅಮೆರಿಕಕ್ಕೆ ಬಂದು, ಹ್ಯಾಟ್ ತಯಾರಿಸುವ ಕಸುಬು ಕಲಿತು, ಬೇಗನೆ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಮಗಳನ್ನು ಸಾಕಿಕೊಂಡು, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ ದೊಡ್ಡ ಅಂಗಡಿಯಲ್ಲಿ ಒಳ್ಳೆಯ ಸಂಬಳ ತೆಗೆದುಕೊಳ್ಳುವ ಮಟ್ಟಕ್ಕೆ ಬಂದಿದ್ದಳು. ಲವ್‌ಕ್ರಾಫ್ಟಿಗಿಂತ ಏಳು ವರ್ಷ ದೊಡ್ಡವಳು. ಆತ ಯಾರನ್ನು ಕಂಡರೆ ಮುಖ ಸಿಂಡರಿಸುತ್ತಿದ್ದನೋ ಅದೇ ಜನ. ಅವಳನ್ನೇ ಮದುವೆಯಾದ!

ಮದುವೆಯ ಕಥೆಯೂ ಒಂದು ತಮಾಷೆ. 'ವಿಯರ್ಡ್ ಟೇಲ್ಸ್' ಅನ್ನುವ ಪತ್ರಿಕೆ 1923ರಲ್ಲಿ ಶುರುವಾಗಿತ್ತು. ಅಗ್ಗದ ಒರಟು ಕಾಗದ, ಮೈ ಜುಮ್ಮೆನ್ನಿಸುವ ಮುಖಪುಟ. ಅದರ ಮಾಲೀಕರು ಪ್ರಸಿದ್ಧ ಜಾದೂಗಾರ ಹೂಡಿನಿಯ ಹೆಸರಲ್ಲಿ ಒಂದು ಕಥೆ ಬರೆದುಕೊಡಲು ಲವ್‌ಕ್ರಾಫ್ಟಿಗೆ ಹೇಳಿದ್ದರು, 100 ಡಾಲರಿಗೆ. ಈಜಿಪ್ಟಿನ ಪಿರಮಿಡ್ಡಿನ ಕೆಳಗೆ ಸಿಕ್ಕಿಬಿದ್ದ ಕಥೆ. ಬರೆದು, ಟೈಪ್ ಮಾಡಿ, ಮದುವೆಗೆಂದು ನ್ಯೂಯಾರ್ಕಿಗೆ ಹೊರಟವನು ಪ್ರಾವಿಡೆನ್ಸ್ ರೈಲ್ವೆ ಸ್ಟೇಷನ್ನಿನಲ್ಲಿ ಹಸ್ತಪ್ರತಿಯನ್ನೇ ಕಳೆದುಕೊಂಡ. ಕೈಬರಹದ ಕರಡು ಜೊತೆಗಿತ್ತು, ಪುಣ್ಯ. 1924ರ ಮಾರ್ಚ್ 3ರಂದು ಸೇಂಟ್ ಪಾಲ್ಸ್ ಚಾಪೆಲ್ಲಿನಲ್ಲಿ ಮದುವೆ. ಮಧುಚಂದ್ರಕ್ಕೆಂದು ಫಿಲಡೆಲ್ಫಿಯಾಕ್ಕೆ ಹೋದ ಹೊಸ ದಂಪತಿ ಅಲ್ಲಿ ಮಾಡಿದ್ದೇನು ಗೊತ್ತೆ? ಒಬ್ಬರು ಓದಿ ಹೇಳುವುದು, ಇನ್ನೊಬ್ಬರು ಟೈಪ್ ಮಾಡುವುದು!

ಆಮೇಲಿನ ಎರಡು ವರ್ಷ ಲವ್‌ಕ್ರಾಫ್ಟ್ ನಮ್ಮ ನಿಮ್ಮ ಹಾಗೆ ವಲಸಿಗ. ಸೋತ ವಲಸಿಗ.

ಕೆಲಸ ಹುಡುಕಿದ. 33 ವರ್ಷ, ಡಿಗ್ರಿ ಇಲ್ಲ, ಹೈಸ್ಕೂಲೂ ಪೂರ್ತಿಯಿಲ್ಲ, ಎಲ್ಲೂ ದುಡಿದ ಅನುಭವವಿಲ್ಲ. ಅರ್ಜಿ ಬರೆದರೆ ಹದಿನೆಂಟನೇ ಶತಮಾನದ ಇಂಗ್ಲಿಷಿನಲ್ಲಿ ಪ್ರಬಂಧದ ಹಾಗೆ ಬರೆಯುತ್ತಿದ್ದ. ಸಾಲ ವಸೂಲಿ ಮಾಡುವ ಕಂಪನಿಯೊಂದರ ಸೇಲ್ಸ್‌ಮನ್ ಆಗಿ ಕೆಲವೇ ದಿನ ಓಡಾಡಿ ಬಿಟ್ಟುಬಂದ. 'ವಿಯರ್ಡ್ ಟೇಲ್ಸ್' ಮಾಲೀಕರು ಸಂಪಾದಕನಾಗು, ಶಿಕಾಗೋಗೆ ಬಾ ಎಂದರೆ ಒಪ್ಪಲಿಲ್ಲ. ಅಲ್ಲಿ ಹಳೆಯ ಕಟ್ಟಡಗಳಿಲ್ಲವಂತೆ! ಅಷ್ಟರಲ್ಲಿ ಸೋನಿಯಾ ಸ್ವಂತಕ್ಕೆ ಹಾಕಿದ ಹ್ಯಾಟ್ ಅಂಗಡಿ ಮುಚ್ಚಿತು, ಆಕೆಯ ಆರೋಗ್ಯವೂ ಕೆಟ್ಟಿತು. 1925 ಹುಟ್ಟುವ ಹೊತ್ತಿಗೆ ಆಕೆ ಸಿನ್ಸಿನಾಟಿಯಲ್ಲಿ ಸಿಕ್ಕ ಕೆಲಸಕ್ಕೆ ಹೊರಟಳು. ಆತ ಬ್ರೂಕ್ಲಿನ್ನಿನ ಕ್ಲಿಂಟನ್ ರಸ್ತೆ 169ರಲ್ಲಿ ಒಂದು ಬಾಡಿಗೆ ಕೋಣೆ ಹಿಡಿದ. ಹೆಂಡತಿ ದುಡಿದು ಬೇರೆ ಊರಿಂದ ದುಡ್ಡು ಕಳಿಸುವುದು, ಗಂಡ ಬಾಡಿಗೆ ಕೋಣೆಯಲ್ಲಿ ಕೂತು ಕಥೆ ಬರೆಯುವುದು.

ಆ ದಿನಗಳ ವಿವರ ನಮಗೆ ಗೊತ್ತಿರುವುದು ಊರಲ್ಲಿದ್ದ ತನ್ನ ಚಿಕ್ಕಮ್ಮಂದಿರಿಗೆ ಆತ ಬರೆದ ಪತ್ರಗಳಿಂದ. ಮುಂಬಯಿಗೆ, ಪುಣೆಗೆ ಮೊದಲು ಬಂದು ರೂಮು ಮಾಡಿಕೊಂಡಿದ್ದವರು ಯಾರಾದರೂ ಅವನ್ನು ಓದಿದರೆ ನಗು ಬರುತ್ತದೆ, ಆಮೇಲೆ ಸಂಕಟವಾಗುತ್ತದೆ. ಬ್ರೆಡ್ಡಿಗೆ ಎಷ್ಟು ಸೆಂಟ್, ಬೀನ್ಸಿನ ಡಬ್ಬಿಗೆ ಎಷ್ಟು, ಚೀಸಿನ ತುಣುಕಿಗೆ ಎಷ್ಟು ಎಂಬ ಲೆಕ್ಕ. 1925ರ ಮೇ ತಿಂಗಳಲ್ಲಿ ಪಕ್ಕದ ಕೋಣೆಯ ಕಡೆಯಿಂದ ಕಳ್ಳರು ನುಗ್ಗಿ ಅವನ ಸೂಟುಗಳನ್ನೆಲ್ಲ ಹೊತ್ತೊಯ್ದರು. ಸ್ನೇಹಿತನೊಬ್ಬ ಇಡಲು ಕೊಟ್ಟಿದ್ದ ರೇಡಿಯೋ ಸೆಟ್ಟೂ ಹೋಯಿತು. ಹೊಸ ಸೂಟಿಗಾಗಿ ಅಂಗಡಿ ಅಂಗಡಿ ಅಲೆದ ಕಥೆಯನ್ನು ಪುಟಗಟ್ಟಲೆ ಬರೆದಿದ್ದಾನೆ.

ಆದರೆ ಅದೇ ಪತ್ರಗಳಲ್ಲಿ ಇನ್ನೊಂದೂ ಇದೆ. ಬೀದಿಯಲ್ಲಿ ಕಂಡ ಇಟಲಿಯವರು, ಸಿರಿಯಾದವರು, ಯಹೂದಿಗಳು, ಕರಿಯರು, ಎಲ್ಲರ ಬಗ್ಗೆಯೂ ಓದಲಾಗದಂಥ ಮಾತುಗಳು. ಸಬ್‌ವೇ ರೈಲಿನ ಗುಂಪನ್ನು ನೋಡಿದರೆ ಸಿಟ್ಟಿನಿಂದ ಅವನ ಮುಖದ ಬಣ್ಣವೇ ಬದಲಾಗುತ್ತಿತ್ತು ಎಂದು ಸೋನಿಯಾ ನೆನಪಿಸಿಕೊಂಡಿದ್ದಾಳೆ. "ನಾನೂ ಅವರಲ್ಲಿ ಒಬ್ಬಳಲ್ಲವೆ?" ಎಂಬ ಅರ್ಥದಲ್ಲಿ ಆಕೆ ಕೇಳಿದರೆ, ನೀನೀಗ ಪ್ರಾವಿಡೆನ್ಸಿನ ಏಂಜೆಲ್ ರಸ್ತೆಯ ಶ್ರೀಮತಿ ಲವ್‌ಕ್ರಾಫ್ಟ್ ಎನ್ನುವುದು ಅವನ ಸಮಾಧಾನ. ಗೋತ್ರ ಬದಲಾಯಿತು, ಇನ್ನೇನು ತೊಂದರೆ ಎಂಬ ಹಾಗೆ!

ಇದು ಅವನೊಬ್ಬನ ಹುಚ್ಚಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಆತ ನ್ಯೂಯಾರ್ಕಿಗೆ ಬಂದ 1924ರಲ್ಲೇ ಅಮೆರಿಕದ ಸರ್ಕಾರ ಹೊಸ ವಲಸೆ ಕಾನೂನು ತಂದು ದಕ್ಷಿಣ ಮತ್ತು ಪೂರ್ವ ಯುರೋಪಿನವರ ಸಂಖ್ಯೆಯನ್ನು ಬಿಗಿಯಾಗಿ ಕತ್ತರಿಸಿತು, ಏಷ್ಯಾದವರಿಗೆ ಬಾಗಿಲನ್ನೇ ಹಾಕಿತು. ಅದಕ್ಕೂ ಒಂದು ವರ್ಷ ಮುಂಚೆ ಅಲ್ಲಿನ ಸೈನ್ಯದಲ್ಲಿ ಇದ್ದು ಬಂದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಭಾರತೀಯರು 'ಬಿಳಿಯರು' ಅಲ್ಲ, ಹಾಗಾಗಿ ಪೌರತ್ವವಿಲ್ಲ ಎಂದು ತೀರ್ಪು ಕೊಟ್ಟಿತ್ತು. ಭಾರತೀಯರಿಗೆ ವರ್ಷಕ್ಕೆ 100 ಜನರ ಕಿಂಡಿ ತೆರೆದದ್ದು 1946ರಲ್ಲಿ. ದೊಡ್ಡ ಬಾಗಿಲು ತೆರೆದದ್ದು 1965ರ ಕಾನೂನಿನಿಂದ. ಪುಣೆಯ ಜೋಶಿಯವರು ಹೋದದ್ದು 1963ರಲ್ಲಿ, ಅಂದರೆ ಕಿಂಡಿಯ ಕಾಲದಲ್ಲೇ.

ಹಾಗೆ ನೋಡಿದರೆ ನಮ್ಮಲ್ಲಿ ಮಾತ್ರ ಏನು? 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳನ್ನು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ನಾವೂ ಕಡಿಮೆಯಿಲ್ಲ. ಬೆಂಗಳೂರಿಗೆ ರಜೆಗೆ ಹೋದಾಗ "ಎಲ್ಲ ಹೊರಗಿನವರೇ ತುಂಬಿಕೊಂಡಿದ್ದಾರೆ ಕಣ್ರೀ" ಎಂದು ನಿಟ್ಟುಸಿರು ಬಿಡುವವರಲ್ಲಿ ಹೊರರಾಜ್ಯದಲ್ಲಿ ನೆಲೆಸಿದ ನಾವೇ ಮುಂದೆ!

ಇರಲಿ, ಕಥೆಗೆ ಬರೋಣ. 1925ರ ಆಗಸ್ಟ್ ತಿಂಗಳು. ಮೊದಲ ಎರಡು ದಿನದಲ್ಲಿ ಆತ 'ದಿ ಹಾರರ್ ಅಟ್ ರೆಡ್ ಹುಕ್' ಬರೆದ. ಬ್ರೂಕ್ಲಿನ್ನಿನ ಬಂದರಿನ ಹತ್ತಿರದ ವಲಸಿಗರ ಬಡಾವಣೆಯಲ್ಲಿ ಭೂತಾರಾಧನೆ ನಡೆಯುವ ಕಥೆ. ಕೆಟ್ಟ ಕಥೆ. ದ್ವೇಷಕ್ಕಾಗಿ ಕೆಟ್ಟದ್ದು ಅಂತ ಮಾತ್ರ ಹೇಳುತ್ತಿಲ್ಲ, ಕಥೆಯಾಗಿಯೂ ಕೆಟ್ಟದ್ದು. ಬಡಾವಣೆಯ ಒಬ್ಬನಿಗೂ ಮುಖವಿಲ್ಲ, ಹೆಸರಿಲ್ಲ, ಎಲ್ಲ ಒಂದು ಗುಂಪು. 10ನೇ ತಾರೀಖು ರಾತ್ರಿಯಿಡೀ ನ್ಯೂಯಾರ್ಕಿನ ಹಳೆಯ ಓಣಿಗಳಲ್ಲಿ ಒಬ್ಬನೇ ನಡೆದ. ಬೆಳಿಗ್ಗೆ ದೋಣಿ ಹತ್ತಿ ನ್ಯೂಜೆರ್ಸಿಯ ಎಲಿಜಬೆತ್ ಎಂಬ ಊರಿಗೆ ಹೋಗಿ, ಒಂದು ನೋಟ್‌ಬುಕ್ ಕೊಂಡು, ಪಾರ್ಕಿನಲ್ಲಿ ಕೂತು 'ಹೀ' ಎಂಬ ಕಥೆ ಬರೆದ. ಕನಸು ಹೊತ್ತು ಮಹಾನಗರಕ್ಕೆ ಬಂದು, ಅದು ಸತ್ತ ಊರು ಎಂದು ಕಂಡುಕೊಳ್ಳುವ ಒಬ್ಬನ ಕಥೆ ಅದು. ಎರಡೇ ದಿನ ಬಿಟ್ಟು, 12-13ರ ರಾತ್ರಿ, ಮತ್ತೊಂದು ಕಥೆಯ ಎಲೆ ಎಲೆ ಬಿಡಿಸಿ ರೂಪರೇಷೆ ಹಾಕಿಟ್ಟ. ಅದೇ 'ದಿ ಕಾಲ್ ಆಫ್ ಕ್ತುಲ್ಹು'.

ಅಂದರೆ ಲೋಕ ಇಂದು ಅವನನ್ನು ನೆನೆಯುವ ಕಥೆ, ಅವನ ಅತಿ ಕೆಟ್ಟ ಕಥೆ, ಎರಡೂ ಒಂದೇ ಕೋಣೆಯಲ್ಲಿ, ಹತ್ತು ಹನ್ನೆರಡು ದಿನದ ಅಂತರದಲ್ಲಿ ಮೊಳೆತವು. ಫ್ರಾನ್ಸಿನ ಲೇಖಕ ಮಿಶೆಲ್ ವೆಲ್‌ಬೆಕ್ 1991ರಲ್ಲಿ ಬರೆದ ಪುಸ್ತಕದಲ್ಲಿ ಈ ದ್ವೇಷವೇ ಅವನ ಬರವಣಿಗೆಯ ಉರುವಲು ಎಂದು ವಾದಿಸಿದರು. ನನಗೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಆದರೆ ಉರುವಲು ಒಂದೇ ಆದರೂ ಎರಡು ಕಥೆಗಳಲ್ಲಿ ಬೆಂದದ್ದು ಬೇರೆ ಬೇರೆ.

1926ರ ಏಪ್ರಿಲ್ 17ರಂದು ಆತ ಪ್ರಾವಿಡೆನ್ಸಿಗೆ ವಾಪಸಾದ. ಸೋನಿಯಾ ತಾನೂ ಬಂದು ಅಲ್ಲೇ ಅಂಗಡಿ ಹಾಕುತ್ತೇನೆ, ಎಲ್ಲರನ್ನೂ ಸಾಕುತ್ತೇನೆ ಎಂದಳು. ಚಿಕ್ಕಮ್ಮಂದಿರು ಒಪ್ಪಲಿಲ್ಲ. ತಮ್ಮ ಮನೆಯ ಸೊಸೆ ಅದೇ ಊರಲ್ಲಿ ದುಡಿದು ತಿನ್ನುವುದೆಂದರೆ ಮರ್ಯಾದೆಯ ಪ್ರಶ್ನೆ. ಗಂಡ ಬಾಯಿ ಬಿಡಲಿಲ್ಲ. 1929ರಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಕೊನೆಯ ಕಾಗದಕ್ಕೆ ಆತ ಸಹಿಯನ್ನೇ ಹಾಕಲಿಲ್ಲ, ಆಕೆಗೆ ಅದು ಗೊತ್ತೂ ಇರಲಿಲ್ಲ. ಆಕೆ 1936ರಲ್ಲಿ ಬೇರೆ ಮದುವೆಯಾಗಿ, 1972ರವರೆಗೆ ಬದುಕಿದ್ದಳು. ಅವನು ಬರೆದ ಪತ್ರಗಳನ್ನೆಲ್ಲ ಸುಟ್ಟು ಹಾಕಿದಳು.

ಊರಿಗೆ ಬಂದವನೇ ಆತ ಬರೆದ, ಹಿಂದೆಂದೂ ಬರೆಯದಷ್ಟು ಬರೆದ. ಆ ಬೇಸಿಗೆಯಲ್ಲಿ 'ಕ್ತುಲ್ಹು' ಮುಗಿಯಿತು. 'ವಿಯರ್ಡ್ ಟೇಲ್ಸ್' ಮೊದಲು ಬೇಡವೆಂದಿತು, ಆಮೇಲೆ ತೆಗೆದುಕೊಂಡು 1928ರ ಫೆಬ್ರವರಿಯಲ್ಲಿ ಅಚ್ಚು ಹಾಕಿತು. ಕಥೆಯಲ್ಲಿ ಆ ದೇವರನ್ನು ಪೂಜಿಸುವವರು ಮತ್ತದೇ ಮಿಶ್ರ ರಕ್ತದ ನಾವಿಕರು. ಹಳೆಯ ಚಾಳಿ ಹೋಗಿಲ್ಲ. ಆದರೆ ಇಲ್ಲಿ ಹೆದರಿಸುವುದು ಅವರಲ್ಲ, ಅವರ ಹಿಂದಿರುವುದು.

ನಮ್ಮ ಕಡೆಯ ದೆವ್ವಗಳನ್ನು ಯೋಚಿಸಿ ನೋಡಿ. ಹುಣಸೆಮರದ ದೆವ್ವವೇ ಇರಲಿ, ಬಾವಿಕಟ್ಟೆಯ ಮೋಹಿನಿಯೇ ಇರಲಿ, ಅದಕ್ಕೆ ನಮ್ಮಿಂದ ಏನೋ ಬೇಕಿರುತ್ತದೆ. ಸೇಡು ಬೇಕು, ಅನ್ನ ಬೇಕು, ಬಿಡುಗಡೆ ಬೇಕು. ಕೇಳಿದ್ದನ್ನು ಕೊಟ್ಟರೆ, ಮಂತ್ರವಾದಿಯನ್ನು ಕರೆಸಿದರೆ ಹೋಗುತ್ತದೆ. ನಮ್ಮ ಮೇಲೆ ಅದಕ್ಕೊಂದು ಗಮನವಿದೆ. ಲವ್‌ಕ್ರಾಫ್ಟನ ದೇವರಿಗೆ ನಾವು ಕಣ್ಣಿಗೇ ಬೀಳುವುದಿಲ್ಲ. ಅಂಗಳ ಗುಡಿಸುವಾಗ ಇರುವೆ ಸತ್ತರೆ ನಾವು ಇರುವೆಯನ್ನು ದ್ವೇಷಿಸಿದ್ದೇವೆಯೆ? ಖಗೋಳ ಶಾಸ್ತ್ರವನ್ನು ಬಾಲ್ಯದಿಂದ ಪ್ರೀತಿಸಿದ, ದೇವರನ್ನು ನಂಬದ ಆತ, ಈ ಬ್ರಹ್ಮಾಂಡಕ್ಕೆ ಮನುಷ್ಯ ಲೆಕ್ಕಕ್ಕೇ ಇಲ್ಲ ಎಂಬುದನ್ನು ಭಯದ ಕಥೆಯಾಗಿ ಮಾಡಿದ. ಪ್ರಾವಿಡೆನ್ಸಿನ ಹಳೆಯ ವಂಶದವನೂ ಅಷ್ಟೇ, ರೆಡ್ ಹುಕ್ಕಿನ ಕೂಲಿಯೂ ಅಷ್ಟೇ. ಅವನ ತಲೆ ಕಂಡುಕೊಂಡದ್ದನ್ನು ಅವನ ನಾಲಿಗೆ ಕೊನೆಯವರೆಗೂ ಒಪ್ಪಲಿಲ್ಲ ಅಷ್ಟೆ.

ಒಂದೇ ಒಂದು ಕಡೆ ಒಪ್ಪಿತೇನೋ ಅನ್ನಿಸುತ್ತದೆ. 1931ರಲ್ಲಿ ಬರೆದ 'ದಿ ಶ್ಯಾಡೋ ಓವರ್ ಇನ್ಸ್‌ಮತ್'. ಒಬ್ಬ ಯುವಕ ಹಾಳುಬಿದ್ದ ಬಂದರಿನ ಊರಿಗೆ ಹೋಗುತ್ತಾನೆ. ಅಲ್ಲಿನ ಜನ ಸಮುದ್ರದೊಳಗಿನ ಜೀವಿಗಳ ಜೊತೆ ಸಂಬಂಧ ಬೆಳೆಸಿ ಕಣ್ಣು, ಚರ್ಮ ಎಲ್ಲ ಮೀನಿನಂತಾಗಿರುವವರು. ಅವರಿಂದ ಪ್ರಾಣ ಉಳಿಸಿಕೊಂಡು ಓಡಿಬರುತ್ತಾನೆ. ಇಲ್ಲಿಗೇ ನಿಂತಿದ್ದರೆ ಇನ್ನೊಂದು ರೆಡ್ ಹುಕ್. ಆದರೆ ಕೊನೆಯಲ್ಲಿ ಅವನಿಗೆ ತನ್ನ ವಂಶದ ಗುಟ್ಟು ತಿಳಿಯುತ್ತದೆ. ಅವನ ಮುತ್ತಜ್ಜಿಯೇ ಅವರ ಪೈಕಿ. ಕನ್ನಡಿಯಲ್ಲಿ ನೋಡಿಕೊಂಡರೆ ಅದೇ ಕಣ್ಣು ತನ್ನ ಮುಖದಲ್ಲಿ ಮೂಡುತ್ತಿದೆ. ಗುಂಡು ಹೊಡೆದುಕೊಳ್ಳಲು ಹೊರಟವನು ಆಮೇಲೆ ಮನಸ್ಸು ಬದಲಿಸಿ ಸಮುದ್ರಕ್ಕೆ ಹೋಗಲು ಸಿದ್ಧನಾಗುತ್ತಾನೆ, ಅದೂ ಸಂತೋಷದಿಂದ. ಅಪ್ಪ ಅಮ್ಮ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಬುದ್ಧಿ ಕೆಟ್ಟು ಸತ್ತದ್ದನ್ನು ಕಂಡ ಮಗನಿಗೆ ರಕ್ತದಲ್ಲಿ ಏನು ಬರುತ್ತದೋ ಎಂಬ ಭಯ ಹೊರಗಿನಿಂದ ಬಂದದ್ದಲ್ಲ ಎಂದು ಗೊತ್ತಿದ್ದಿರಬೇಕು. ನೀವು ಅವನದು ಒಂದೇ ಕಥೆ ಓದುವುದಾದರೆ ಇದನ್ನೇ ಓದಿ ಎನ್ನುತ್ತೇನೆ.

ದುಡ್ಡಿನ ಮಾತು ಬೇಡವೇ ಬೇಡ. 1927ರ 'ದಿ ಕಲರ್ ಔಟ್ ಆಫ್ ಸ್ಪೇಸ್' ಎಂಬ ಅಪರೂಪದ ಕಥೆಗೆ ಸಿಕ್ಕಿದ್ದು 25 ಡಾಲರ್. ಕೊಟ್ಟ ಹ್ಯೂಗೋ ಗರ್ನ್ಸ್‌ಬ್ಯಾಕಿಗೆ ಆತ ಇಲಿ ಎಂದು ಅಡ್ಡಹೆಸರಿಟ್ಟ. ಅಂಟಾರ್ಕ್ಟಿಕಾದ ಮೇಲೆ ಬರೆದ ದೊಡ್ಡ ಕಥೆ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್' 1931ರಲ್ಲಿ ತಿರಸ್ಕೃತವಾದಾಗ ಮನಸ್ಸೇ ಮುರಿಯಿತು. ಜೀವಂತ ಇರುವಾಗ ಪುಸ್ತಕವಾಗಿ ಬಂದದ್ದು 'ಇನ್ಸ್‌ಮತ್' ಒಂದೇ, 1936ರಲ್ಲಿ, ಸುಮಾರು 200 ಪ್ರತಿ ಹೊಲಿದು, ತುಂಬ ಅಚ್ಚಿನ ತಪ್ಪುಗಳೊಂದಿಗೆ. ಹೊಟ್ಟೆಪಾಡಿಗೆ ಬೇರೆಯವರ ಕಥೆಗಳನ್ನು ತಿದ್ದಿಕೊಡುತ್ತಿದ್ದ.

ಪತ್ರ ಬರೆಯುವುದರಲ್ಲಿ ಮಾತ್ರ ಕೈ ಬಿಗಿಹಿಡಿಯಲಿಲ್ಲ. ಇಡೀ ಜೀವನದಲ್ಲಿ ಬರೆದದ್ದು 80 ಸಾವಿರದಿಂದ 1 ಲಕ್ಷ ಪತ್ರ ಎಂದು ಅಂದಾಜು. ಕೆಲವು ಹತ್ತಿಪ್ಪತ್ತು ಪುಟ ದಾಟುತ್ತವೆ. 1933ರಲ್ಲಿ ರಾಬರ್ಟ್ ಬ್ಲಾಕ್ ಎಂಬ ಹೈಸ್ಕೂಲು ಹುಡುಗ ಪತ್ರ ಬರೆದರೆ, ನೀನೂ ಕಥೆ ಬರಿ ಎಂದು ಹುರಿದುಂಬಿಸಿದ. ಆ ಹುಡುಗ ಮುಂದೆ 'ಸೈಕೋ' ಕಾದಂಬರಿ ಬರೆದ, ಹಿಚ್‌ಕಾಕ್ ಅದನ್ನು ಸಿನಿಮಾ ಮಾಡಿದ. ಗುರುತಿಲ್ಲದವರಿಗೆ ಇಷ್ಟು ಉದಾರಿಯಾಗಿದ್ದವನು ಬೀದಿಯಲ್ಲಿ ಎದುರು ಬಂದವರನ್ನು ಯಾಕೆ ಸಹಿಸಲಿಲ್ಲ? ಪತ್ರದಲ್ಲಿ ಮುಖ ಕಾಣುವುದಿಲ್ಲ, ಅದಕ್ಕೇ ಇರಬೇಕು. ಅವನ ಆಪ್ತ ಗೆಳೆಯ, ಯಹೂದಿ ಕವಿ ಸ್ಯಾಮ್ಯುಯೆಲ್ ಲವ್‌ಮನ್, ಲವ್‌ಕ್ರಾಫ್ಟ್ ಬೆನ್ನ ಹಿಂದೆ ಯಹೂದಿಗಳ ಬಗ್ಗೆ ಏನು ಬರೆಯುತ್ತಿದ್ದ ಎಂಬುದನ್ನು ಅವನು ಸತ್ತ ಎಷ್ಟೋ ವರ್ಷದ ಮೇಲೆ ತಿಳಿದು ಮನಸ್ಸು ಕಹಿ ಮಾಡಿಕೊಂಡರು.

1937ರ ಮಾರ್ಚ್ 15ರಂದು, ಕರುಳಿನ ಕ್ಯಾನ್ಸರಿನಿಂದ, 46ನೇ ವಯಸ್ಸಿನಲ್ಲಿ ಲವ್‌ಕ್ರಾಫ್ಟ್ ಪ್ರಾವಿಡೆನ್ಸಿನಲ್ಲೇ ಸತ್ತ. ಹತ್ತಿರದವರಿಗೆ ಬಿಟ್ಟರೆ ಅದು ಸುದ್ದಿಯೇ ಆಗಲಿಲ್ಲ.

ಆಗಸ್ಟ್ ಡರ್ಲೆತ್, ಡೊನಾಲ್ಡ್ ವಾಂಡ್ರಿ ಎಂಬ ಇಬ್ಬರು ಪತ್ರಸ್ನೇಹಿತರು ಅವನ ಕಥೆಗಳನ್ನು ಹಿಡಿದು ಪ್ರಕಾಶಕರ ಬಾಗಿಲು ತಟ್ಟಿದರು. ಯಾರೂ ಒಪ್ಪದಿದ್ದಾಗ ಆರ್ಕಮ್ ಹೌಸ್ ಎಂಬ ಪ್ರಕಾಶನವನ್ನೇ ಹುಟ್ಟುಹಾಕಿ 1939ರಲ್ಲಿ 1,268 ಪ್ರತಿ ಅಚ್ಚು ಹಾಕಿದರು. ಮಾರಾಟವಾಗಲು ವರ್ಷಗಟ್ಟಲೆ ಬೇಕಾಯಿತು. ಡರ್ಲೆತ್ ಇಲ್ಲದಿದ್ದರೆ ಇವತ್ತು ಆತನ ಹೆಸರೇ ಇರುತ್ತಿರಲಿಲ್ಲ. ಆದರೆ ಅದೇ ಡರ್ಲೆತ್ ಆ ಲೋಕವನ್ನು ಮುಂದುವರಿಸುತ್ತೇನೆಂದು ಒಳ್ಳೆಯ ದೇವರು ಕೆಟ್ಟ ದೇವರು ಎಂದು ಪಂಕ್ತಿ ಮಾಡಿ ಯುದ್ಧಕ್ಕೆ ನಿಲ್ಲಿಸಿಬಿಟ್ಟರು. ಲೆಕ್ಕಕ್ಕೇ ಇಲ್ಲದ ಇರುವೆಗಳಿಗೆ ಮತ್ತೆ ಕಾಪಾಡುವವರು ಸಿಕ್ಕಿದರು! ಕಥೆಗಳ ಪಾಠವೂ ಪತ್ರಿಕೆಗಳಲ್ಲಿ ಕೆಟ್ಟ ಹಾಗೆಯೇ ಉಳಿಯಿತು. ಉದಾಹರಣೆಗೆ ಆ ಅಂಟಾರ್ಕ್ಟಿಕಾ ಕಥೆ 1936ರಲ್ಲಿ ಕೊನೆಗೂ ಅಚ್ಚಾದಾಗ ಸಂಪಾದಕರು ಅವನ ಉದ್ದುದ್ದ ಪ್ಯಾರಾಗಳನ್ನು ಕತ್ತರಿಸಿ, ಕೊನೆಯ ಕಡೆ ಸಾಲುಗಳನ್ನೇ ಹಾರಿಸಿದ್ದರು.

ಇಲ್ಲಿ ಬರುತ್ತಾರೆ ನಮ್ಮ ಜೋಶಿ. ಹದಿಹರೆಯದಲ್ಲಿ ಇಂಡಿಯಾನಾದ ಮನ್ಸಿ ಎಂಬ ಊರಿನಲ್ಲಿದ್ದಾಗ ಲವ್‌ಕ್ರಾಫ್ಟ್ ಹುಚ್ಚು ಹಿಡಿಯಿತು. ಕಾಲೇಜಿಗೆ ಬ್ರೌನ್ ವಿಶ್ವವಿದ್ಯಾಲಯವನ್ನೇ ಆರಿಸಿಕೊಂಡರು. ಲವ್‌ಕ್ರಾಫ್ಟ್ ಓದಲಾಗದ ಅದೇ ಬ್ರೌನ್! ಅಲ್ಲಿನ ಜಾನ್ ಹೇ ಗ್ರಂಥಾಲಯದಲ್ಲಿ ಅವನ ಹಸ್ತಪ್ರತಿಗಳಿದ್ದವು ಎಂಬುದೇ ಕಾರಣ. ಗ್ರೀಕ್ ಲ್ಯಾಟಿನ್ ಓದುವವರು ಹಳೆಯ ಗ್ರಂಥಗಳ ಪಾಠ ಸರಿಮಾಡುವ ವಿಧಾನವನ್ನೇ ಈ ಅಗ್ಗದ ಕಾಗದದ ಕಥೆಗಳಿಗೆ ಹಚ್ಚಿದರು. ಹಸ್ತಪ್ರತಿ, ಟೈಪ್ ಪ್ರತಿ, ಪತ್ರಿಕೆಯ ಪ್ರತಿ, ಲವ್‌ಕ್ರಾಫ್ಟ್ ತನ್ನ ಕೈಯಿಂದ ತಿದ್ದಿಟ್ಟುಕೊಂಡ ಪ್ರತಿ, ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿದರು. ನಮ್ಮಲ್ಲಿ ತಾಳೆಗರಿಗಳ ಪಾಠಾಂತರ ನೋಡಿದವರಿಗೆ ಈ ಕೆಲಸದ ಕಷ್ಟ ಗೊತ್ತು. 1984, 85, 86ರಲ್ಲಿ ತಿದ್ದಿದ ಪಾಠದ ಮೂರು ಸಂಪುಟ ಬಂದವು. 1996ರಲ್ಲಿ ದೊಡ್ಡ ಜೀವನಚರಿತ್ರೆ, 2010ರಲ್ಲಿ ಅದರ ಎರಡು ಸಂಪುಟದ ವಿಸ್ತೃತ ರೂಪ. 1999ರಲ್ಲಿ ಪೆಂಗ್ವಿನ್ ಕ್ಲಾಸಿಕ್ಸ್ ಲವ್‌ಕ್ರಾಫ್ಟನನ್ನು ಸೇರಿಸಿಕೊಂಡಾಗ ಸಂಪಾದಕರು ಇವರೇ. 2005ರಲ್ಲಿ ಲೈಬ್ರರಿ ಆಫ್ ಅಮೆರಿಕ ಅವನ ಕಥೆಗಳ ಸಂಪುಟ ತಂದಿತು. ಅಲ್ಲಿಗೆ ಆತ ಅಮೆರಿಕದ ದೊಡ್ಡ ಲೇಖಕರ ಸಾಲಿಗೆ ಸೇರಿದಂತಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ್ಯ. ಮುಗಿಯಲಿಲ್ಲ. 1975ರಿಂದ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಎಂದು ಕೊಡುತ್ತಿದ್ದದ್ದು ಲವ್‌ಕ್ರಾಫ್ಟನ ತಲೆಯ ಪ್ರತಿಮೆ, ವ್ಯಂಗ್ಯಚಿತ್ರಕಾರ ಗಹಾನ್ ವಿಲ್ಸನ್ ಮಾಡಿದ್ದು. 2011ರಲ್ಲಿ ಅದನ್ನು ಗೆದ್ದವರು ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ನೆಡಿ ಒಕೊರಾಫೋರ್. ಕರಿಯರನ್ನು ಮನುಷ್ಯರೆಂದೇ ಎಣಿಸದ ಒಂದು ಪದ್ಯವನ್ನು ಈತ 1912ರಲ್ಲಿ ಬರೆದಿದ್ದ ಎಂಬುದು ಗೆದ್ದ ಮೇಲೆ ಅವರ ಗಮನಕ್ಕೆ ಬಂತು. ಅವನ ತಲೆಯೇ ತನ್ನ ಮನೆಯ ಶೋಕೇಸಿನಲ್ಲಿ! ಆಕೆ ಅದರ ಬಗ್ಗೆ ಬಹಿರಂಗವಾಗಿ ಬರೆದರು. ಇಂಗ್ಲೆಂಡಿನ ಚೈನಾ ಮಿಯೆವಿಲ್ ತನಗೆ ಬಂದ ಪ್ರತಿಮೆಯ ಮುಖವನ್ನು ಗೋಡೆಗೆ ತಿರುಗಿಸಿಟ್ಟಿದ್ದೇನೆ ಎಂದರು. 2014ರಲ್ಲಿ ಡೇನಿಯಲ್ ಹೊಸೆ ಓಲ್ಡರ್ ಎಂಬ ಲೇಖಕ ಸಹಿ ಸಂಗ್ರಹ ಶುರು ಮಾಡಿದರು. 2015ರ ನವೆಂಬರಿನಲ್ಲಿ ಆ ಪ್ರತಿಮೆಯನ್ನು ಕೈಬಿಟ್ಟರು.

ಅದನ್ನು ಪ್ರತಿಭಟಿಸಿ ತಮಗೆ ಬಂದಿದ್ದ ಪ್ರಶಸ್ತಿಗಳನ್ನು ಹಿಂದಿರುಗಿಸಿದವರು ಯಾರು? ಎಸ್. ಟಿ. ಜೋಶಿ.

ಅವರ ವಾದ ಇಷ್ಟು: ಪ್ರತಿಮೆ ಅವನ ಸಾಹಿತ್ಯಕ್ಕೆ ಕೊಟ್ಟ ಗೌರವ, ಅವನ ಅಭಿಪ್ರಾಯಗಳಿಗಲ್ಲ, ಅವನ ಬರವಣಿಗೆಯಲ್ಲಿ ಜನಾಂಗ ದ್ವೇಷದ ಪಾಲು ಜನ ಹೇಳುವಷ್ಟು ದೊಡ್ಡದಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ಪುಸ್ತಕ ಬೇರೆ, ಪ್ರತಿಮೆ ಬೇರೆ. ಬೇಕಾದರೆ ಪುಸ್ತಕವನ್ನು ಮುಚ್ಚಿಡಬಹುದು, ವಾದ ಮಾಡಬಹುದು, ಅಂಚಿನಲ್ಲಿ ಬರೆಯಬಹುದು. ಪ್ರಶಸ್ತಿಯ ಪ್ರತಿಮೆ ನಿಮ್ಮ ಮನೆಗೇ ಬಂದು ಕೂರುತ್ತದೆ. ಹೊಸ ಕಾಲದ ಲೇಖಕರು ಮಾಡಿದ್ದು ನೋಡಿ: ನ್ಯೂಯಾರ್ಕಿನ ಕರಿಯ ಲೇಖಕ ವಿಕ್ಟರ್ ಲವಾಲ್ 2016ರಲ್ಲಿ 'ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' ಎಂಬ ಪುಟ್ಟ ಕಾದಂಬರಿ ಬರೆದರು. ಅದು ಅದೇ ರೆಡ್ ಹುಕ್ ಕಥೆ, ಆದರೆ ಹಾರ್ಲೆಮ್ಮಿನ ಒಬ್ಬ ಕರಿಯ ಯುವಕನ ಕಡೆಯಿಂದ. ಮುಖವಿಲ್ಲದ ಗುಂಪಿನೊಳಗಿಂದ ಒಬ್ಬನಿಗೆ ಹೆಸರು, ಅಪ್ಪ, ಗಿಟಾರು ಎಲ್ಲ ಬಂತು. ಪುಸ್ತಕವನ್ನು ಅರ್ಪಿಸಿದ್ದು ಲವ್‌ಕ್ರಾಫ್ಟಿಗೇ, ತನ್ನ ಇಬ್ಬಂದಿಯ ಭಾವನೆಗಳೆಲ್ಲದರ ಜೊತೆಗೆ.

ಒಂದು ವಿಷಯದಲ್ಲಿ ಮಾತ್ರ ಜೋಶಿಯವರಿಗೆ ಕೈ ಮುಗಿಯಲೇಬೇಕು. ತನ್ನ ದೇವರ ಕೊಳೆಯನ್ನು ಬಚ್ಚಿಡುವ ಭಕ್ತರು ಬೇಕಾದಷ್ಟು ಸಿಗುತ್ತಾರೆ. ಡರ್ಲೆತ್ ಮುಂತಾದವರು ತಂದ ಹಳೆಯ ಪತ್ರ ಸಂಪುಟಗಳಲ್ಲಿ ಪತ್ರಗಳು ಕತ್ತರಿಸಿದ ರೂಪದಲ್ಲಿದ್ದವು. ಜೋಶಿ ಮತ್ತು ಅವರ ಜೊತೆಗಾರ ಡೇವಿಡ್ ಶುಲ್ಟ್ಸ್ ಹತ್ತಾರು ವರ್ಷ ಕೂತು ಪತ್ರಗಳನ್ನು ಪೂರ್ತಿಯಾಗಿ, ಒಬ್ಬೊಬ್ಬರಿಗೆ ಬರೆದದ್ದನ್ನು ಬೇರೆ ಬೇರೆ ಸಂಪುಟವಾಗಿ ತಂದರು. 2020ರಲ್ಲಿ ಮನೆಯವರಿಗೆ ಬರೆದ ಪತ್ರಗಳು ಎರಡು ದಪ್ಪ ಸಂಪುಟಗಳಲ್ಲಿ ಹೊರಬಂದವು. ಬ್ರೂಕ್ಲಿನ್ನಿನ ಕೋಣೆಯಿಂದ ಚಿಕ್ಕಮ್ಮಂದಿರಿಗೆ ಬರೆದದ್ದೆಲ್ಲ ಅದರಲ್ಲಿದೆ. ಸೂಟು ಕಳವಾದದ್ದು, ಬೀನ್ಸ್ ಡಬ್ಬಿಯ ಬೆಲೆ, ರಾತ್ರಿ ಅಲೆದ ಓಣಿಗಳು, ರೈಲಿನಲ್ಲಿ ಪಕ್ಕ ಕೂತವರ ಬಗ್ಗೆ ಆತ ಬರೆದ ಹೊಲಸು ಮಾತು... ಒಂದನ್ನೂ ತೆಗೆದಿಲ್ಲ.